ಕಾಗದದಲ್ಲಿ ಅರಳಿದ ತೋಟ

ಗಂಡನನ್ನು ಕಳೆದುಕೊಂಡ ಕೆಲವು ವರ್ಷಗಳ ನಂತರ, 1772ರಲ್ಲಿ, ಇಂಗ್ಲೆಂಡಿನ ಮೇರಿ ಡೆಲಾನಿ ಬಣ್ಣದ ಕಾಗದ ಕತ್ತರಿಸಿ ಹೂ ಮಾಡತೊಡಗಿದರು. ಆಗ ಅವರಿಗೆ 72 ವರ್ಷ. ಎದುರಿಗೆ ಗಿಡ ಇಟ್ಟುಕೊಂಡು, ಕಪ್ಪು ಬಳಿದ ಹಾಳೆಯ ಮೇಲೆ ಎಸಳು, ಕೇಸರ, ಎಲೆಯ ನರಗಳನ್ನು ಒಂದೊಂದೇ ಚೂರಾಗಿ ಅಂಟಿಸುತ್ತಿದ್ದರು. ಒಂದು ಪ್ಯಾಷನ್ ಹೂವಿನಲ್ಲಂತೂ 200ಕ್ಕೂ ಹೆಚ್ಚು ಎಸಳಿನ ತುಣುಕುಗಳಿವೆ. ಎಂಥ ತಾಳ್ಮೆ! ಕೆಲವು ಚಿತ್ರಗಳಲ್ಲಿ ನಿಜವಾದ ಎಲೆಯನ್ನೇ ಸೇರಿಸಿದ್ದಾರೆ.

ಗೆಳತಿ ಪೋರ್ಟ್‌ಲ್ಯಾಂಡ್ ಡಚೆಸ್ ಅವರ ಬುಲ್‌ಸ್ಟ್ರೋಡ್ ತೋಟದಿಂದ, ರಾಜಮನೆತನದ ಕ್ಯೂ ಉದ್ಯಾನದಿಂದ, ಪರಿಚಿತರ ಮನೆಗಳಿಂದ ಗಿಡಗಳು ಬರುತ್ತಿದ್ದವು. ಗಿಡದ ಹೆಸರು, ದಿನಾಂಕದ ಜೊತೆಗೆ ಕೊಟ್ಟವರ ಹೆಸರನ್ನೂ ಅನೇಕ ಚಿತ್ರಗಳ ಹಿಂಬದಿಯಲ್ಲಿ ಬರೆದಿಟ್ಟಿದ್ದಾರೆ. ದೃಷ್ಟಿ ಕುಂದಿ 1782ರಲ್ಲಿ ಕೆಲಸ ನಿಲ್ಲಿಸುವ ಹೊತ್ತಿಗೆ 1,000ಕ್ಕೆ ಹತ್ತಿರದಷ್ಟು ಹೂಗಳಾಗಿದ್ದವು. ಇವು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ.