ಉಮೇದುವಾರ

ಚುನಾವಣೆ ಬಂದರೆ ಸಾಕು, ವರ್ಷವೆಲ್ಲ ಮಲಗಿದ್ದ ‘ಉಮೇದುವಾರ’ ಎದ್ದು ಕೂರುತ್ತಾನೆ. ‘ಅಭ್ಯರ್ಥಿ’ ಬಂದು ಅವನ ಜಾಗವನ್ನು ಬಹುಪಾಲು ಹಿಡಿದಿದ್ದರೂ, ‘ಉಮೇದುವಾರಿಕೆ ಹಿಂಪಡೆಯಲು ಇಂದು ಕೊನೆಯ ದಿನ’ ಎನ್ನುವಲ್ಲಿ ಅವನು ಇನ್ನೂ ಗಟ್ಟಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಂತೂ ಅವನಿಗೆ ಬಿಡುವೇ ಕಡಿಮೆ. ಕೆಂಗಲ್ ಹನುಮಂತಯ್ಯನವರ ಸೀಮೆ ಇದು. 1994ರಲ್ಲಿ ದೇವೇಗೌಡರು ಗೆದ್ದು ಮುಖ್ಯಮಂತ್ರಿಯಾದದ್ದು ರಾಮನಗರದಿಂದ. 2024ರ ಚನ್ನಪಟ್ಟಣದ ಉಪಚುನಾವಣೆಯನ್ನು ರಾಜ್ಯವೇ ಕಣ್ಣಿಟ್ಟು ನೋಡಿತು.

ಆದರೆ ಹಿಂದಿನ ಉಮೇದುವಾರ ಮತ ಕೇಳುತ್ತಿರಲಿಲ್ಲ, ಕೆಲಸ ಕೇಳುತ್ತಿದ್ದ. ಪಾರಸಿಯಲ್ಲಿ ‘ಉಮೇದ್’ ಅಂದರೆ ಆಸೆ, ಭರವಸೆ. ಕಚೇರಿಯ ಮೂಲೆಯಲ್ಲಿ ಸಂಬಳವಿಲ್ಲದೆ ಕುಳಿತು ಕಾಗದ ನಕಲು ಮಾಡುತ್ತ, ಶಿರಸ್ತೇದಾರರ ಕಣ್ಣಿಗೆ ಬೀಳುತ್ತ, ಗುಮಾಸ್ತರೊಬ್ಬರ ಜಾಗ ಯಾವಾಗ ಖಾಲಿಯಾದೀತು ಎಂದು ಕಾಯುವವನು ಉಮೇದುವಾರ. ಕಾಯುವುದೇ ಅವನ ಹುದ್ದೆ. ಆತ ವಿಧಾನಸೌಧದ ಕಡೆ ಹೊರಟದ್ದು ಆಮೇಲೆ. ಈಗಲೂ ಯಾರದೋ ಕುರ್ಚಿ ಖಾಲಿಯಾಗಬೇಕು ಎಂಬುದೊಂದು ಮಾತ್ರ ಬದಲಾಗಿಲ್ಲ.

ಮರಾಠಿಯವರು ಹಳೆಯ ಅರ್ಥವನ್ನು ಬಿಟ್ಟುಕೊಟ್ಟಿಲ್ಲ. ಅಲ್ಲಿ ಕಾರ್ಖಾನೆಯಲ್ಲಿ ಕಲಿಯುವ ಹುಡುಗ ಇವತ್ತಿಗೂ ‘ಶಿಕಾವೂ ಉಮೇದವಾರ’. ನಮ್ಮ ಸರ್ಕಾರಿ ಜಾಹೀರಾತು ಅವನನ್ನು ‘ಶಿಶಿಕ್ಷು’ ಎಂದು ಕರೆಯುತ್ತದೆ. ಬಸ್ ಡಿಪೋದಲ್ಲಿ ನಟ್ಟು ಬಿಗಿಯುವ ಇಪ್ಪತ್ತರ ಹುಡುಗನನ್ನು ತೊಟ್ಟಿಲಲ್ಲಿ ಮಲಗಿಸಿದಂತೆ ಕೇಳಿಸುವ ಆ ಪದವನ್ನು ಯಾರಾದರೂ ಬಾಯಲ್ಲಿ ಆಡಿದ್ದನ್ನು ನಾನು ಕೇಳಿಲ್ಲ. ಹಾಗಾಗಿ ಗೆದ್ದದ್ದು ‘ಇಂಟರ್ನ್‌ಶಿಪ್’. ಬಿ.ಇ. ಮಾಡಿ ಜರ್ಮನಿಗೋ ಜಪಾನಿಗೋ ಹೋದ ಮೊಮ್ಮಗಳು ಕನಕಪುರದ ಮನೆಗೆ ಫೋನು ಮಾಡಿದರೆ ಮಾತು ಹೀಗೆ ಸಾಗೀತು:

“ಮುಗೀತು ಕಣಜ್ಜಿ, ಶುಕ್ರವಾರ ಕೊನೇ ದಿನ.”

“ಯಾಕವ್ವಾ, ತಗ್ದಾಕುದ್ರಾ?”

“ಇಲ್ಲ ಅಜ್ಜಿ, ಇಂಟರ್ನ್‌ಶಿಪ್ ಇದ್ದದ್ದೇ ಆರು ತಿಂಗ್ಳು. ಸರ್ಟಿಫಿಕೇಟ್ ಕೊಟ್ರು.”

“ಕೆಲ್ಸ?”

“ಅದು ಬೇರೆ.”

ಅಜ್ಜಿಯ ಗೊಂದಲ ನ್ಯಾಯವಾದದ್ದೇ. ಹಳೆಯ ಉಮೇದುವಾರನಿಗೆ ಕೊನೆಯ ದಿನ ಎಂಬುದಿರಲಿಲ್ಲ. ಕೆಲಸ ಸಿಗಬೇಕು, ಇಲ್ಲ ಆಸೆ ಬಿಡಬೇಕು. ಇಂಟರ್ನ್‌ಶಿಪ್ಪು ಮೊದಲೇ ತಾರೀಕು ಹಾಕಿಸಿಕೊಂಡು ಬರುತ್ತದೆ. ಮುಗಿಯಿತು ಎಂದು ಹೇಳುವುದು ಸುಲಭ. ಏನು ಮುಗಿಯಿತು ಎಂದು ಹೇಳುವುದು ಕಷ್ಟ.

ಹೊರದೇಶದ ಕಲಿಕೆ ಈ ಸೀಮೆಗೆ ಹೊಸದಲ್ಲ. ಚನ್ನಪಟ್ಟಣಕ್ಕೆ ಬಣ್ಣದ ಆಟಿಕೆಯ ಕಸುಬು ಬಂದದ್ದು ಟಿಪ್ಪು ಕರೆಸಿದ ಪರ್ಷಿಯಾದ ಕುಶಲಕರ್ಮಿಗಳಿಂದ ಎನ್ನುತ್ತಾರೆ. ಉಮೇದು ಎಂಬ ಮಾತಿನ ತವರೂ ಅದೇ. ಆಮೇಲೆ ಜಪಾನಿನ ವಿಧಾನಗಳನ್ನು ಇಲ್ಲಿಗೆ ಒಗ್ಗಿಸಿದವರು ಬಾವಾಸ್ ಮಿಯಾನ್ ಎಂದು ಊರು ನೆನೆಯುತ್ತದೆ. ತಿರುಗುವ ಆಲೆಮರದ ತುಂಡಿಗೆ ಬಣ್ಣದ ಅರಗನ್ನು ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಮಿಯಾನರು ತಾವು ಕಂಡುಕೊಂಡದ್ದನ್ನು ಊರಿನ ಕಸುಬುದಾರರ ಕೈಗೆ ದಾಟಿಸಿದ್ದರಿಂದಲೇ ಅವರನ್ನು ಆಟಿಕೆಗಳ ಪಿತಾಮಹ ಅನ್ನುವುದು. ಯಾರ ಕುರ್ಚಿ ಖಾಲಿಯಾಗಲಿ ಎಂದೂ ಅವರು ಕಾಯಬೇಕಿರಲಿಲ್ಲ.

ರೇಷ್ಮೆಯದು ಇನ್ನೂ ಉದ್ದದ ಕತೆ. 1893ರಲ್ಲಿ ಜಪಾನಿಗೆ ಹೋಗಿಬಂದ ಜಮ್ಷೆಡ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿ ಮಾದರಿಯ ರೇಷ್ಮೆ ಫಾರಂ ತೆರೆದರು. ಬಸವನಗುಡಿಯ ಮಗ್ಗುಲಲ್ಲಿ ಆ ಹೆಸರು ಇನ್ನೂ ಉಳಿದಿದೆ.  1991ರಿಂದ 2007ರವರೆಗೆ ಕೇಂದ್ರ ರೇಷ್ಮೆ ಮಂಡಳಿಯ ಜೊತೆ ಜಪಾನಿನ ಸಹಕಾರ ಸಂಸ್ಥೆ ‘ಜೈಕಾ’ ಮೂರು ಹಂತಗಳಲ್ಲಿ ದ್ವಿತಳಿ ರೇಷ್ಮೆಯ ಯೋಜನೆ ನಡೆಸಿತು. ನಮ್ಮವರು ಅಲ್ಲಿಗೆ ತರಬೇತಿಗೆ ಹೋದರು, ಅಲ್ಲಿಯ ತಜ್ಞರು ಇಲ್ಲಿಗೆ ಬಂದರು.

ಹೋದವರು ಕಲಿತು ಬಂದರು, ಸರಿ. ಹುಳು ಕಲಿಯಬೇಕಲ್ಲ? ತಂಪು ಸೀಮೆಯ ಬಿಳಿಗೂಡಿನ ಈ ದ್ವಿತಳಿ ಹುಳುವಿಗೆ ನಮ್ಮ ಬೇಸಿಗೆ, ನಮ್ಮ ಸೊಪ್ಪು, ಹೆಂಚಿನ ಮನೆಯ ಸೆಕೆ ಯಾವುದೂ ಹಿಡಿಸದು. ಮೈಸೂರಿನ ಸಂಶೋಧನಾಲಯದಲ್ಲಿ ಜಪಾನಿ ಹುಳುಗಳಿಂದಲೇ ಇಲ್ಲಿಗೆ ಹೊಂದುವ ಸಿಎಸ್‌ಆರ್ ತಳಿಗಳನ್ನು ಬೆಳೆಸಬೇಕಾಯಿತು. ಅಷ್ಟಾದ ಮೇಲೂ ರೈತ ಮೈಸೂರಿನ ಹಳದಿ ತಳಿಯನ್ನು ಕೈಬಿಡಲಿಲ್ಲ. ಬಿಳಿಯ ಗಂಡಿಗೆ ಅದನ್ನೇ ತಾಯಿ ಮಾಡಿದ ಮಿಶ್ರತಳಿ ಅವನಿಗೆ ಧೈರ್ಯ: ಬೆಲೆ ಸ್ವಲ್ಪ ಕಡಿಮೆ, ಬೆಳೆ ಕೈಕೊಡುವ ಭಯವೂ ಕಡಿಮೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ನೋಡಿ, ಒಂದು ಜಾಲರಿಯಲ್ಲಿ ಬಿಳಿ, ಪಕ್ಕದ್ದರಲ್ಲಿ ಹಳದಿ. ಎರಡಕ್ಕೂ ಬೇರೆ ಬೇರೆ ದರ ಸಿಗುತ್ತದೆ, ಎರಡೂ ಮಾರಾಟವಾಗುತ್ತವೆ.