ಅಥವಾ ಮುಂದಿನ ಆವೃತ್ತಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯ ಶಾಸನಗಳನ್ನು ಬಿ.ಎಲ್. ರೈಸ್ 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 12ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಮಧುಗಿರಿ ಅಲ್ಲಿ ಇನ್ನೂ ಮದ್ದಗಿರಿ. ದಾನಶಾಸನಗಳನ್ನು ಓದಿದವರಿಗೆ ಅವುಗಳ ಚೌಕಟ್ಟು ಗೊತ್ತು: ಯಾರು ಕೊಟ್ಟರು, ಯಾರಿಗೆ, ಎಲ್ಲೆ ಯಾವುದು, ಎಷ್ಟು ಕಾಲ, ಕಿತ್ತುಕೊಂಡವನ ಗತಿ ಏನು. ಕಾಲದ ಲೆಕ್ಕ ಮಾತ್ರ ಬಹಳ ಸುಲಭ, ಸೂರ್ಯಚಂದ್ರರಿರುವ ತನಕ.

ಬರಹವನ್ನು ಲೋಕಕ್ಕೆ ಬಿಟ್ಟುಕೊಡುವ ಇಂದಿನ ಮುಕ್ತ ಪರವಾನಗಿಗಳೂ ಇಂಥವೇ ಪತ್ರಗಳು. ಆದರೆ ಕೊಟ್ಟವರು ಒಬ್ಬ ದೊರೆಯಲ್ಲ, ಊರೂರಿನ ಸಾವಿರಾರು ಮಂದಿ. ಷರತ್ತು ಕಾಲಕ್ಕೆ ಒಗ್ಗದೆ ಹೋದರೆ ಅದನ್ನು ತಿದ್ದುವವರು ಯಾರು?

ಈ ಪ್ರಶ್ನೆ ಕನ್ನಡಕ್ಕೆ ಬಂದದ್ದು ತಂತ್ರಾಂಶದ ಕೈಪಿಡಿಗಳ ದಾರಿಯಲ್ಲಿ. ರಿಚರ್ಡ್ ಸ್ಟಾಲ್‌ಮನ್ ಅವರ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2000ದಲ್ಲಿ ‘ಗ್ನೂ ಫ್ರೀ ಡಾಕ್ಯುಮೆಂಟೇಶನ್ ಲೈಸೆನ್ಸ್’ ಹೊರತಂದಿತು. ಅದನ್ನು ಬರೆದದ್ದು ತಂತ್ರಾಂಶದ ಜೊತೆ ಬರುವ ದಪ್ಪ ಕೈಪಿಡಿಗಳಿಗಾಗಿ. ಮರುವರ್ಷ ಹುಟ್ಟಿದ ವಿಕಿಪೀಡಿಯ ಬೇರೆ ಒಳ್ಳೆಯದು ಸಿಗದೆ ಅದನ್ನೇ ಉಟ್ಟುಕೊಂಡಿತು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೂ ಅದೇ ಬಟ್ಟೆ.

ಅಳತೆ ಸರಿಹೊಂದಲಿಲ್ಲ. ಪ್ರತಿಯೊಂದು ಪ್ರತಿಯ ಜೊತೆಗೂ ಪರವಾನಗಿಯ ಪೂರ್ಣ ಪಠ್ಯ ಇರಬೇಕೆಂಬುದು ಅದರ ನಿಯಮ. ಕೊರಟಗೆರೆಯ ಮೇಷ್ಟ್ರೊಬ್ಬರು ಸಿದ್ಧರಬೆಟ್ಟದ ಬಗ್ಗೆ ಒಂದು ಪುಟ ಜೆರಾಕ್ಸ್ ಮಾಡಿ ಮಕ್ಕಳಿಗೆ ಹಂಚಬೇಕಾದರೆ, ಹಲವು ಪುಟಗಳ ಇಂಗ್ಲಿಷ್ ಕಾನೂನನ್ನೂ ಹಂಚಬೇಕು! ಕೈಪಿಡಿಯ ಕೊನೆಯಲ್ಲಿ ಅದು ಭಾರವಲ್ಲ, ಒಂದು ಹಾಳೆಗೆ ಭಾರ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಇದರಡಿಯ ಬರಹವನ್ನು ತಿದ್ದಿ ಹಂಚುವವರು ಇದೇ ಪರವಾನಗಿಯಲ್ಲಿ ಹಂಚಬೇಕು. 2002ರಲ್ಲಿ ಬಂದ ಕ್ರಿಯೇಟಿವ್ ಕಾಮನ್ಸ್‌ನ ‘ಹಂಚಿಕೆ ಸಮಾನ’ ಪರವಾನಗಿಯದೂ ಇದೇ ಹಟ. ಎರಡೂ ಮುಕ್ತ, ಆದರೆ ಒಂದರ ಸಾಲನ್ನು ಇನ್ನೊಂದಕ್ಕೆ ಬೆರೆಸುವಂತಿಲ್ಲ.

ಬಿಡುಗಡೆ ಸಿಕ್ಕಿದ್ದು ಹಳೆಯ ಪತ್ರದಲ್ಲೇ ಇದ್ದ ಒಂದು ತುಣುಕಿನಿಂದ: ‘ಅಥವಾ ಮುಂದಿನ ಯಾವುದೇ ಆವೃತ್ತಿ’. ವಿಕಿಪೀಡಿಯದಲ್ಲಿ ಬರೆದವರೆಲ್ಲ ಇದಕ್ಕೆ ಒಪ್ಪಿಯೇ ಬರೆದಿದ್ದರು. 2008ರ ನವೆಂಬರ್‌ನಲ್ಲಿ ಫೌಂಡೇಶನ್ 1.3ನೇ ಆವೃತ್ತಿ ತಂದು, ಬಹುಜನ ಸೇರಿ ಬರೆದ ತಾಣಗಳು 2009ರ ಆಗಸ್ಟ್ 1ರೊಳಗೆ ಕ್ರಿಯೇಟಿವ್ ಕಾಮನ್ಸ್‌ಗೆ ದಾಟಬಹುದೆಂದು ಒಂದು ಕಿಂಡಿ ತೆರೆಯಿತು. ಮತದಾನದಲ್ಲಿ 17 ಸಾವಿರಕ್ಕೂ ಹೆಚ್ಚು ಮಂದಿ ಭಾಗವಹಿಸಿದರು, ಮುಕ್ಕಾಲು ಪಾಲು ಜನ ಹೂಂ ಎಂದರು. 2009ರ ಜೂನ್‌ನಲ್ಲಿ ಎಲ್ಲ ಭಾಷೆಗಳ ವಿಕಿಪೀಡಿಯಗಳೂ ಒಟ್ಟಿಗೆ ದಾಟಿದವು.

2004ರಲ್ಲಿ ಶಿರಾದ ಬಗ್ಗೆ ನಾಲ್ಕು ಸಾಲು ಸೇರಿಸಿ ಹೋದವರನ್ನು ಯಾರಾದರೂ ಕೇಳಿದರೆ? ಇಲ್ಲ. ಅಧಿಕೃತ ಪಠ್ಯ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಎಷ್ಟು ಜನ ಓದಿದ್ದರೋ. ಕಾನೂನಿನ ಪ್ರಕಾರ ಇದು ಸರಿ, ಆದರೂ ನನಗೆ ಒಂದು ಅಳುಕು ಉಳಿದೇ ಇದೆ.

ಒಬ್ಬೊಬ್ಬರನ್ನೂ ಕೇಳಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಜನರೇ ಬಿಡಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ಭೂಪಟ 2012ರಲ್ಲಿ ಕ್ರಿಯೇಟಿವ್ ಕಾಮನ್ಸ್ ಬಿಟ್ಟು ದತ್ತಾಂಶಕ್ಕೆಂದೇ ಇದ್ದ ಬೇರೊಂದು ಪರವಾನಗಿಗೆ ಹೋಯಿತು. ಅದು ಹಳೆಯದರ ಮುಂದಿನ ಆವೃತ್ತಿಯಲ್ಲ. ಹಾಗಾಗಿ ಹಳೆಯ ಬಳಕೆದಾರರ ಒಪ್ಪಿಗೆ ಬೇಕಾಯಿತು. ಒಪ್ಪದವರು, ಉತ್ತರ ಕೊಡದವರು ಬಿಡಿಸಿದ ರಸ್ತೆ, ಕೆರೆಗಳನ್ನು ಅಳಿಸಬೇಕಾಯಿತು. ಅಳಿಸಿದ್ದು ಒಟ್ಟಿನಲ್ಲಿ ಸ್ವಲ್ಪವೇ, ಆದರೆ ಅದನ್ನು ಮತ್ತೆ ಯಾರೋ ಬಿಡಿಸಬೇಕು.

2009ರ ದಾಟುವಿಕೆಯ ಫಲ ಕನ್ನಡಕ್ಕೆ 2014ರಲ್ಲಿ ಸಿಕ್ಕಿತು. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಬಿಟ್ಟುಕೊಟ್ಟಿತು. ನಿರಂಜನರ ಕೃತಿಗಳೂ ಅದೇ ವರ್ಷ ಹಾಗೆಯೇ ಬಂದವು. ಅವರು ತೀರಿಕೊಂಡದ್ದು 1992ರಲ್ಲಿ. ಕೃತಿಸ್ವಾಮ್ಯದ 60 ವರ್ಷ ಮುಗಿಯಲು 2052 ಕಳೆಯಬೇಕಿತ್ತು. ವಿಕಿಪೀಡಿಯ ಹಳೆಯ ಪತ್ರದಲ್ಲೇ ಉಳಿದಿದ್ದರೆ ವಿಶ್ವಕೋಶದ ವಾಕ್ಯಗಳನ್ನು ಅದರ ಲೇಖನಗಳಿಗೆ ಇಳಿಸಲು ಪರವಾನಗಿಯೇ ಅಡ್ಡ ಬರುತ್ತಿತ್ತು.

2023ರ ಜೂನ್‌ನಲ್ಲಿ ವಿಕಿಪೀಡಿಯ 3.0ಯಿಂದ 4.0ಗೆ ಹೋಯಿತು. ಈ ಸಲ ಕಿಂಡಿಯೂ ಬೇಕಾಗಲಿಲ್ಲ; 3.0ರಲ್ಲೇ ಮುಂದಿನ ಆವೃತ್ತಿಗೆ ಅನುಮತಿ ಬರೆದಿತ್ತು.