ಜೀನಿನಿಂದ ಕಾರಿನ ಆಸನದವರೆಗೆ

ಕಾರು ಬಂದ ಹೊಸತರಲ್ಲಿ ಚರ್ಮದ ಆಸನವು ಸಿರಿವಂತಿಕೆಯ ಕುರುಹಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದ ದೊಡ್ಡ ಕಾರುಗಳಲ್ಲಿ ಚಾಲಕನು ಮಳೆ ಬಿಸಿಲಿಗೆ ತೆರೆದ ಮುಂಭಾಗದಲ್ಲಿ, ಸುಲಭವಾಗಿ ಒರೆಸಬಹುದಾದ ಚರ್ಮದ ಮೇಲೆ ಕುಳಿತಿರುತ್ತಿದ್ದನು. ಒಡೆಯನಿಗೆ ಹಿಂದೆ ಮೃದುವಾದ ಉಣ್ಣೆಬಟ್ಟೆಯ ಆಸನ. ಈ ಕ್ರಮ ತಲೆಕೆಳಗಾದದ್ದು ಆಮೇಲೆ. ಈಗ ಮತ್ತೊಂದು ತಿರುವು ಬಂದಿದೆ. 2015ರಲ್ಲಿ ಟೆಸ್ಲಾ ಕಂಪೆನಿಯ ಷೇರುದಾರರ ಸಭೆಯಲ್ಲಿ ಕಾರಿನೊಳಗೆ ಚರ್ಮ ಬಳಸಬಾರದೆಂಬ ಠರಾವು ಮಂಡನೆಯಾಗಿ ಬಿದ್ದುಹೋಯಿತು. ಕೆಲವೇ ವರ್ಷಗಳಲ್ಲಿ ಅದೇ ಕಂಪೆನಿ ಆಸನಗಳಿಂದ ಚರ್ಮವನ್ನು ಕೈಬಿಟ್ಟಿತು. 2021ರಲ್ಲಿ ವೋಲ್ವೋ ತನ್ನ ಸಂಪೂರ್ಣ ವಿದ್ಯುತ್ ಕಾರುಗಳು ಚರ್ಮರಹಿತವಾಗಿರುವುವೆಂದು ಪ್ರಕಟಿಸಿತು.

ಇದೆಲ್ಲ ಪಶ್ಚಿಮದವರ ಹೊಸ ಗೀಳು ಎಂದು ನಮ್ಮಲ್ಲಿ ಕೆಲವರು ನಗುತ್ತಾರೆ. ಆದರೆ ಸವಾರನ ಆಸನದ ಮೇಲೆ ಎಂಥ ಚರ್ಮವಿರಬೇಕೆಂಬ ಪ್ರಶ್ನೆ ನಮ್ಮ ಇತಿಹಾಸಕ್ಕೆ ಹೊಸದಲ್ಲ. ಚಿರತೆಯ ಚರ್ಮ ಹಾಸಿದ ಜೀನಿನ ಮೇಲೆ ಸವಾರಿ ಮಾಡುವುದನ್ನು ಪ್ರವಾದಿ(ಸ)ರವರು ತಡೆದರೆಂದು ಅಬೂದಾವೂದ್ ಸಂಗ್ರಹದಲ್ಲಿ ವರದಿಯಿದೆ. ಅರಸರ ಆಡಂಬರ ಮತ್ತು ಅಹಂಕಾರದ ಅನುಕರಣೆ ಅದರಲ್ಲಿದೆಯೆಂದು ವಿದ್ವಾಂಸರು ಕಾರಣ ಹೇಳಿದ್ದಾರೆ. ಹಾಗೆಂದು ಚರ್ಮವೇ ನಿಷಿದ್ಧವಾಗಲಿಲ್ಲ. ಸತ್ತುಬಿದ್ದಿದ್ದ ಕುರಿಯೊಂದನ್ನು ಕಂಡು, ಅದರ ತೊಗಲನ್ನು ಹದಮಾಡಿ ಏಕೆ ಬಳಸಲಿಲ್ಲವೆಂದು ಅವರು ವಿಚಾರಿಸಿದ ಘಟನೆ ಪ್ರಸಿದ್ಧವೇ ಆಗಿದೆ.

ಹದಿಮೂರನೆಯ ಶತಮಾನದಲ್ಲಿ ಡಮಾಸ್ಕಸ್ ಮತ್ತು ಕೈರೋಗಳಲ್ಲಿ ಬಾಳಿ, 1262ರಲ್ಲಿ ನಿಧನರಾದ ಇಮಾಮ್ ಇಝ್ಝುದ್ದೀನ್ ಇಬ್ನ್ ಅಬ್ದುಸ್ಸಲಾಮ್ ಇನ್ನೂ ಮುಂದೆ ಹೋದರು. ಮನುಷ್ಯನ ಮೇಲೆ ಪ್ರಾಣಿಗಿರುವ ಹಕ್ಕುಗಳನ್ನು ಅವರು ತಮ್ಮ ‘ಕವಾಇದುಲ್ ಅಹ್ಕಾಮ್’ ಗ್ರಂಥದಲ್ಲಿ ನಿರೂಪಿಸಿದರು. ಮುಪ್ಪು ಅಥವಾ ರೋಗದಿಂದ ಪ್ರಾಣಿ ಉಪಯೋಗಕ್ಕೆ ಬಾರದಿದ್ದರೂ ಅದಕ್ಕೆ ಮೇವು ಹಾಕಬೇಕು. ತಾಳಲಾರದ ಹೊರೆ ಹೊರಿಸಬಾರದು. ಅದರ ಕಣ್ಣೆದುರು ಮರಿಯನ್ನು ಕೊಯ್ಯಬಾರದು. ಕೊಯ್ದ ಮೇಲೂ ದೇಹ ತಣ್ಣಗಾಗುವವರೆಗೆ ಚರ್ಮ ಸುಲಿಯಬಾರದು. ಈ ಕೊನೆಯ ಮಾತನ್ನು ಓದಿದಾಗಲೆಲ್ಲ ಇಂದಿನ ಕಸಾಯಿಖಾನೆಗಳ ವೇಗ ನಮ್ಮ ನೆನಪಿಗೆ ಬರುತ್ತದೆ. ಬ್ರಿಟನ್ನಿನ ಸಂಸತ್ತು ಜಾನುವಾರು ಹಿಂಸೆಯ ವಿರುದ್ಧ ಕಾನೂನು ಮಾಡಿದ್ದು 1822ರಲ್ಲಿ ಎಂಬುದನ್ನೂ ಇಲ್ಲಿ ಹೇಳಬೇಕು. ಅದೇ ನಾಡಿನ ವೋಕಿಂಗ್ ಮಸೀದಿಯ ಇಮಾಮರಾಗಿದ್ದ, ಭಾರತದಲ್ಲಿ ಜನಿಸಿದ ಬಷೀರ್ ಅಹ್ಮದ್ ಮಸ್ರಿಯವರು ಕಾರ್ಖಾನೆ ಮಾದರಿಯ ಪಶುಸಾಕಣೆಯನ್ನು ಇಸ್ಲಾಮಿನ ನೆಲೆಯಿಂದ ಪ್ರಶ್ನಿಸಿ 1989ರಲ್ಲಿ ಪುಸ್ತಕ ಹೊರತಂದರು.

ಆದರೂ ಚರ್ಮ ಬೇಡವೆಂದು ಸಲೀಸಾಗಿ ಹೇಳಿಬಿಡಲು ನಮಗೆ ಸಾಧ್ಯವಾಗುತ್ತಿಲ್ಲ. ಫೆಸ್ ನಗರದ ಹಳೆಯ ಹದಗಾರಿಕೆಯಿಂದ ತಮಿಳುನಾಡಿನ ಆಂಬೂರು, ವಾಣಿಯಂಬಾಡಿಗಳವರೆಗೆ ಈ ಕಸುಬನ್ನು ನಂಬಿದ ಮುಸ್ಲಿಮ್ ಕುಟುಂಬಗಳು ಅಸಂಖ್ಯ. ಇದೇ ಕಸುಬಿನ ತ್ಯಾಜ್ಯದಿಂದ ಪಾಲಾರ್ ನದಿ ಕೆಟ್ಟು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 1996ರಲ್ಲಿ ಕಠಿಣ ತೀರ್ಪು ಬಂದುದೂ ಸತ್ಯ. ಚರ್ಮದ ಬದಲಿಗೆ ಬರುವ ಲೆದರೆಟ್ ಬಹುಪಾಲು ಪ್ಲಾಸ್ಟಿಕ್ಕೇ ಎಂಬುದು ಮತ್ತೊಂದು ಸತ್ಯ.

ಬಲಿಯೊಂಟೆಗಳ ಮಾಂಸ, ಚರ್ಮಗಳನ್ನು ದಾನ ಮಾಡಬೇಕೆಂದೂ ಕಟುಕನ ಕೂಲಿಗೆ ಅದರಲ್ಲಿ ಏನನ್ನೂ ಕೊಡಬಾರದೆಂದೂ ಪ್ರವಾದಿ(ಸ)ರವರು ಅಲೀ(ರ)ರಿಗೆ ಆಜ್ಞಾಪಿಸಿದ್ದರು. ಅದರಂತೆಯೇ ನಮ್ಮಲ್ಲಿ ಬಕ್ರೀದಿನ ತೊಗಲು ಮದ್ರಸಗಳಿಗೆ ಹೋಗುತ್ತಿತ್ತು; ಅದರ ಹಣದಿಂದ ಬಡ ಮಕ್ಕಳ ಊಟ, ಪುಸ್ತಕಗಳ ಖರ್ಚು ಸಾಗುತ್ತಿತ್ತು. ಈಚಿನ ವರ್ಷಗಳಲ್ಲಿ ಬೆಲೆ ಕುಸಿದು, ಕೊಳ್ಳುವವರಿಲ್ಲದೆ ಅನೇಕ ಕಡೆ ಆ ತೊಗಲುಗಳನ್ನು ಮಣ್ಣಿನಲ್ಲಿ ಹೂಳಲಾಗುತ್ತಿದೆ.